ಹಿಟ್ಲರನ ಬಾಂಬರ್ ವಿಮಾನ ನಮ್ಮ ಶಾಸ್ತ್ರ ಕದ್ದು ಮಾಡಿದ್ದೇ? ಬೆಂಗಳೂರಿಗೆ ಬಂದ ಕುರ್ಟ್ ಟ್ಯಾಂಕ್ ಅವರ ನಿಜ ಕಥೆ

ಈ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಂದು ಹಳೆಯ ಕಪ್ಪು-ಬಿಳುಪು ಚಿತ್ರ. ಅದರಲ್ಲಿ ಎರಡು ಎಂಜಿನ್ ಇರುವ, ಬೆನ್ನಿನ ಮೇಲೆ ಬಂದೂಕಿನ ಗೂಡು ಇರುವ ಒಂದು ವಿಮಾನ. ಕೆಳಗೆ ಉದ್ದದ ಬರಹ. ಹಿಟ್ಲರನ ಎಂಜಿನಿಯರ್‌ಗಳು ಭಾರತದಿಂದ ಸಂಸ್ಕೃತದ ವೈಮಾನಿಕ ಶಾಸ್ತ್ರವನ್ನು ಕದ್ದೊಯ್ದು ಈ ಗುಪ್ತ ಬಾಂಬರ್ ಮಾಡಿದರು, ಆದರೆ ಶ್ಲೋಕಗಳ ಪೂರ್ತಿ ಅರ್ಥ ಸಿಗದ ಕಾರಣ ಅದು ಸೇನೆಗೆ ಸೇರಲೇ ಇಲ್ಲ ಎಂಬುದು ಅದರ ಸಾರಾಂಶ. ಕೊನೆಯಲ್ಲಿ, ಹೆಮ್ಮೆಯ ಭಾರತೀಯರಾಗಿದ್ದರೆ ಹತ್ತು ಜನರಿಗೆ ಕಳಿಸಿ ಎಂಬ ಅಪ್ಪಣೆ.

ನಾವು ಇರುವುದು ಬಜಪೆಯಲ್ಲಿ. ಇಲ್ಲಿ ವಿಮಾನ ಯಾರಿಗೂ ಹೊಸತಲ್ಲ. ಅಂಗಳದಲ್ಲಿ ಅಡಿಕೆ ಒಣಹಾಕುವಾಗ ತಲೆಯ ಮೇಲೆ ಹಾರುತ್ತದೆ, ಫೋನಿನಲ್ಲಿ ಮಾತಾಡುವಾಗ ಅರ್ಧ ನಿಮಿಷ ಮಾತು ನಿಲ್ಲಿಸುತ್ತದೆ. ಕುಟುಂಬದ ಗ್ರೂಪಿನಲ್ಲಿ ಮಾವ ಈ ಸಂದೇಶ ಹಾಕಿದ ದಿನ ಹತ್ತು ನಿಮಿಷದಲ್ಲಿ ಇಪ್ಪತ್ತು ಕೈಮುಗಿದ ಚಿತ್ರಗಳು ಬಂದವು. ಆದರೆ ಸೆಕೆಂಡ್ ಪಿಯುಸಿ ಓದುವ ಅಕ್ಕನ ಮಗ ಮಾತ್ರ ನಮಗೆ ಬೇರೆಯಾಗಿ ಒಂದು ಪ್ರಶ್ನೆ ಕಳಿಸಿದ. ಎಲ್ಲವೂ ನಮ್ಮಲ್ಲೇ ಇತ್ತು ಎಂದಾದರೆ, ಇವತ್ತಿಗೂ ನಮ್ಮ ಯುದ್ಧವಿಮಾನಕ್ಕೆ ಎಂಜಿನ್ ಹೊರದೇಶದಿಂದ ಯಾಕೆ ಬರುತ್ತದೆ? ಅವನಿಗೆ ಏರೋನಾಟಿಕಲ್ ಎಂಜಿನಿಯರಿಂಗ್ ಸೇರುವ ಆಸೆ ಇದೆ.

ಪ್ರಶ್ನೆ ಒಳ್ಳೆಯದು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಳ್ಳತನದ ಕಥೆಯಲ್ಲ, ಒಬ್ಬ ಮನುಷ್ಯನ ಜೀವನ. ಆ ಚಿತ್ರದ ವಿಮಾನ ಬಂದ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರು ಮುಂದೆ ನಿಜವಾಗಿಯೂ ಭಾರತಕ್ಕೆ ಬಂದರು. ಕದಿಯಲು ಅಲ್ಲ, ಕೆಲಸಕ್ಕೆ. ಅವರು ಬಂದದ್ದು ನಮ್ಮ ಬೆಂಗಳೂರಿಗೇ.

ಮೊದಲು ಚಿತ್ರ: ಅದು ಯಾವ ವಿಮಾನ?

ಮೊಬೈಲಿನಲ್ಲಿ ಚಿತ್ರವನ್ನು ಒತ್ತಿಹಿಡಿದು ಅದರ ಮೂಲ ಹುಡುಕುವ ಸೌಲಭ್ಯ ಈಗ ಎಲ್ಲರ ಬಳಿಯೂ ಇದೆ. ಹುಡುಕಿದಾಗ ಸಿಕ್ಕ ಹೆಸರು ಫೋಕೆ-ವುಲ್ಫ್ ಎಫ್‌ಡಬ್ಲ್ಯೂ 57. ಜರ್ಮನಿಯ ಬ್ರೆಮೆನ್ ಊರಿನ ಕಂಪನಿ 1936ರಲ್ಲಿ ಮಾಡಿದ ಪ್ರಯೋಗದ ವಿಮಾನ ಇದು. ಮಾದರಿಗಾಗಿ ಕಟ್ಟಿದ್ದು ಮೂರೇ ಮೂರು. ಸೇನೆಗೆ ಸೇರಲಿಲ್ಲ ಎಂಬ ಒಂದು ಮಾತು ಮಾತ್ರ ಫಾರ್ವರ್ಡ್‌ನಲ್ಲಿ ಸತ್ಯ. ಯಾಕೆ ಸೇರಲಿಲ್ಲ ಎಂಬುದಕ್ಕೆ ಕೊಟ್ಟ ಕಾರಣ ಸುಳ್ಳು.

ಆಗ ಫೋಕೆ-ವುಲ್ಫ್‌ನಲ್ಲಿ ವಿನ್ಯಾಸದ ಹೊಣೆ ಹೊತ್ತಿದ್ದವರು ಕುರ್ಟ್ ಟ್ಯಾಂಕ್.

ಕುದುರೆ ಸವಾರನಿಂದ ಎಂಜಿನಿಯರ್‌ವರೆಗೆ

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಬ್ರೊಂಬರ್ಗ್ ಎಂಬ ಊರಿನಲ್ಲಿ. ಅಂದು ಅದು ಜರ್ಮನಿಯಲ್ಲಿತ್ತು. ಇಂದು ಪೋಲೆಂಡಿನಲ್ಲಿದೆ, ಹೆಸರು ಬಿಡ್‌ಗೋಶ್ಚ್. ಮನೆತನ ಸೈನಿಕರದ್ದು. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದ ಆಸೆ ಇದ್ದರೂ ಸೇರಿದ್ದು ಕುದುರೆ ಪಡೆಗೆ.

ಯುದ್ಧ ಮುಗಿದ ಮೇಲೆ ಬರ್ಲಿನ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದರು. ಅಲ್ಲಿ ವಿದ್ಯಾರ್ಥಿಗಳದ್ದೇ ಒಂದು ಗ್ಲೈಡರ್ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಸೋತ ಜರ್ಮನಿಗೆ ಯುದ್ಧವಿಮಾನ ಮಾಡಬಾರದು ಎಂಬ ನಿಷೇಧ ಇದ್ದ ಕಾಲ ಅದು. ಎಂಜಿನ್ ಇಲ್ಲದ ಗ್ಲೈಡರ್‌ಗೆ ಆ ನಿಷೇಧ ತಟ್ಟುತ್ತಿರಲಿಲ್ಲ. ಆದ್ದರಿಂದ ಜರ್ಮನಿಯ ಹುಡುಗರು ಗುಡ್ಡದ ಮೇಲಿಂದ ಗ್ಲೈಡರ್ ಹಾರಿಸುತ್ತಲೇ ಗಾಳಿಯ ಗುಣ ಕಲಿತರು.

1924ರಲ್ಲಿ ಅವರು ರೋರ್‌ಬಾಕ್ ಕಂಪನಿ ಸೇರಿ, ಪೂರ್ತಿ ಲೋಹದಿಂದ ಮಾಡುವ, ನೀರಿನ ಮೇಲೆ ಇಳಿಯುವ ವಿಮಾನಗಳ ಕೆಲಸ ಮಾಡಿದರು. ಕಟ್ಟಿಗೆ ಮತ್ತು ಬಟ್ಟೆಯ ವಿಮಾನಗಳೇ ಹೆಚ್ಚಿದ್ದ ದಿನಗಳಲ್ಲಿ ಲೋಹದ ರೆಕ್ಕೆ ಹೇಗೆ ನಿಲ್ಲುತ್ತದೆ ಎಂದು ಕಲಿತದ್ದು ಅಲ್ಲೇ. 1931ರ ಕೊನೆಗೆ ಬ್ರೆಮೆನ್‌ನ ಫೋಕೆ-ವುಲ್ಫ್‌ಗೆ ಬಂದರು.

ಒಂದು ವಿಶೇಷ ಗಮನಿಸಿ. ಟ್ಯಾಂಕ್ ಬರೀ ಕಾಗದದ ಮೇಲೆ ಗೆರೆ ಎಳೆಯುವವರಲ್ಲ. ಸ್ವತಃ ಪೈಲಟ್. ತಾವು ವಿನ್ಯಾಸ ಮಾಡಿದ ವಿಮಾನವನ್ನು ತಾವೇ ಹಾರಿಸಿ ನೋಡುವ ಅಭ್ಯಾಸ ಅವರಿಗಿತ್ತು. ಲೆಕ್ಕದಲ್ಲಿ ತಪ್ಪಾದರೆ ಬೀಳುವುದು ತಾನೇ ಎಂಬ ಅರಿವು ಇರುವ ಮನುಷ್ಯ ಲೆಕ್ಕ ಮಾಡುವ ರೀತಿಯೇ ಬೇರೆ.

ಸೇನೆಗೆ ಸೇರದ ಬಾಂಬರ್: ಅಡ್ಡಿಯಾದದ್ದು ಶ್ಲೋಕವಲ್ಲ, ತೂಕ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ನಿಷೇಧ ಮುರಿದು ವಾಯುಪಡೆ ಕಟ್ಟುವ ಕೆಲಸ ಶುರುವಾಯಿತು. ಆಗ ಅಲ್ಲಿನ ವಾಯುಯಾನ ಇಲಾಖೆ ಕಂಪನಿಗಳ ಮುಂದೆ ಒಂದು ವಿಚಿತ್ರ ಬೇಡಿಕೆ ಇಟ್ಟಿತು. ಒಂದೇ ವಿಮಾನ ಬಾಂಬ್ ಹಾಕಬೇಕು, ಶತ್ರುವಿನ ವಿಮಾನದ ಜೊತೆ ಹೊಡೆದಾಡಬೇಕು, ದೂರ ಹೋಗಬೇಕು, ಬೆನ್ನ ಮೇಲೆ ತಿರುಗುವ ಬಂದೂಕಿನ ಗೂಡೂ ಇರಬೇಕು.

ಫೋಕೆ-ವುಲ್ಫ್ ಈ ಬೇಡಿಕೆಯನ್ನು ಅಕ್ಷರಶಃ ಪಾಲಿಸಿತು. ಹಾಗೆ ಹುಟ್ಟಿದ್ದು ಎಫ್‌ಡಬ್ಲ್ಯೂ 57. ಎರಡು ಡೈಮ್ಲರ್-ಬೆನ್ಜ್ ಎಂಜಿನ್, ಮೂರು ಜನ ಸಿಬ್ಬಂದಿ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 25 ಮೀಟರ್. 1936ರಲ್ಲಿ ಹಾರಿತು. ಆದರೆ ತೂಕ ಅತಿಯಾಗಿತ್ತು, ಆಕಾಶದಲ್ಲಿ ಅದನ್ನು ತಿರುಗಿಸುವುದೂ ಕಷ್ಟವಾಗಿತ್ತು.

ವಿಮಾನಕ್ಕೆ ತೂಕ ಯಾಕೆ ಅಷ್ಟು ದೊಡ್ಡ ಶತ್ರು? ಒಂದೇ ಬೈಕಿನಲ್ಲಿ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಹಿಂದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಗುಡ್ಡದ ಏರು ಹತ್ತಿ ನೋಡಿ. ಬೈಕ್ ಹೇಗೋ ಹತ್ತೀತು, ತಿರುವಿನಲ್ಲಿ ನಿಮ್ಮ ಮಾತು ಕೇಳುವುದಿಲ್ಲ. ವಿಮಾನದಲ್ಲಿ ಇದು ಇನ್ನೂ ಕಠಿಣ. ಹತ್ತು ಕಿಲೋ ಹೆಚ್ಚಾದರೆ ಅದನ್ನು ಎತ್ತಲು ರೆಕ್ಕೆ ದೊಡ್ಡದಾಗಬೇಕು. ದೊಡ್ಡ ರೆಕ್ಕೆಗೆ ಗಟ್ಟಿ ಚೌಕಟ್ಟು ಬೇಕು, ಅದಕ್ಕೂ ತೂಕ. ಅದನ್ನೆಲ್ಲ ಎಳೆಯಲು ಹೆಚ್ಚು ಶಕ್ತಿಯ ಎಂಜಿನ್, ಆ ಎಂಜಿನ್‌ಗೆ ಹೆಚ್ಚು ಇಂಧನ, ಆ ಇಂಧನಕ್ಕೂ ತೂಕ. ಹೀಗೆ ಸಾಲದ ಮೇಲೆ ಬಡ್ಡಿ ಏರಿದ ಹಾಗೆ ತೂಕದ ಮೇಲೆ ತೂಕ ಏರುತ್ತದೆ.

ಇದೇ ಸ್ಪರ್ಧೆಯಲ್ಲಿದ್ದ ಮೆಸ್ಸರ್‌ಶ್ಮಿಟ್ ಕಂಪನಿ ಜಾಣತನ ಮಾಡಿತು. ಬಂದೂಕಿನ ಗೂಡು, ಬಾಂಬಿನ ಕೋಣೆ ಎಲ್ಲವನ್ನೂ ಬದಿಗಿಟ್ಟು, ವೇಗವಾಗಿ ಹೋಗುವ ಎರಡು ಎಂಜಿನ್‌ನ ಹೋರಾಟದ ವಿಮಾನವನ್ನಷ್ಟೇ ಮಾಡಿತು. ಕೊನೆಗೆ ಇಲಾಖೆಯೇ ತನ್ನ ಬೇಡಿಕೆ ಬದಲಿಸಿ ಅದನ್ನೇ ಆರಿಸಿತು. ಎಫ್‌ಡಬ್ಲ್ಯೂ 57ರ ಕಥೆ ಮೂರು ಮಾದರಿಗಳಿಗೇ ಮುಗಿಯಿತು.

ನೋಡಿ, ಇಲ್ಲಿ ರಹಸ್ಯ ಏನೂ ಇಲ್ಲ. ಎಲ್ಲವನ್ನೂ ಮಾಡಬೇಕಾದ ವಿಮಾನ ಯಾವುದನ್ನೂ ಚೆನ್ನಾಗಿ ಮಾಡಲಿಲ್ಲ, ಅಷ್ಟೇ.

ಹಾಗಾದರೆ ವೈಮಾನಿಕ ಶಾಸ್ತ್ರ ಎಲ್ಲಿಯದು?

ಈ ಪುಸ್ತಕದ ಮೂಲವೂ ಕರ್ನಾಟಕದ್ದೇ ಎಂಬುದು ಹಲವರಿಗೆ ಗೊತ್ತಿಲ್ಲ. ಆನೇಕಲ್‌ನಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಈ ಶ್ಲೋಕಗಳನ್ನು ಹೇಳಿ ಬರೆಸಿದರು. ಭರದ್ವಾಜ ಮಹರ್ಷಿಗಳಿಂದ ತಮಗೆ ಇದು ಸ್ಫುರಿಸಿತು ಎಂದು ಅವರು ನಂಬಿದ್ದರು. ಮೈಸೂರಿನ ಜಿ. ಆರ್. ಜೋಸಿಯರ್ ಅವರು ಇಂಗ್ಲಿಷ್ ಅನುವಾದದೊಂದಿಗೆ ಅದನ್ನು ಪ್ರಕಟಿಸಿದ್ದು 1973ರಲ್ಲಿ. ಪುಸ್ತಕದಲ್ಲಿರುವ ವಿಮಾನದ ಚಿತ್ರಗಳನ್ನು ಬರೆದದ್ದು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ನಕ್ಷೆಗಾರರು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು ಇದನ್ನು ಗಂಭೀರವಾಗಿ ಓದಿದರು. ಹೀಯಾಳಿಸಲಿಲ್ಲ. ಭಾಷೆ ನೋಡಿದರು, ಅಳತೆ ನೋಡಿದರು, ವಿಮಾನದ ಲೆಕ್ಕ ಹಾಕಿದರು. ಪಠ್ಯ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಎಂದರೆ ಈ ಪುಸ್ತಕವನ್ನು ಮೊದಲು ಶ್ರದ್ಧೆಯಿಂದ ಪರೀಕ್ಷಿಸಿದವರೂ ನಮ್ಮವರೇ.

ಇನ್ನು ಜರ್ಮನಿಯವರು ಹಾರುವುದನ್ನು ಎಲ್ಲಿಂದ ಕಲಿತರು? ಅದೂ ಗುಟ್ಟಲ್ಲ. ಓಟೋ ಲಿಲಿಯೆಂಥಾಲ್ ಎಂಬಾತ ಹಕ್ಕಿಗಳ ರೆಕ್ಕೆ ನೋಡಿ, ಅಳೆದು, 1889ರಲ್ಲೇ ಪುಸ್ತಕ ಅಚ್ಚು ಹಾಕಿಸಿದ್ದ. ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಲುಡ್‌ವಿಗ್ ಪ್ರಾಂಡ್ಟ್ಲ್ ಎಂಬ ಪ್ರಾಧ್ಯಾಪಕರು ಗಾಳಿ ಹರಿಯುವ ಬಗೆಯನ್ನು ಲೆಕ್ಕಕ್ಕೆ ತಂದರು. ಅವರ ಪಾಠ ಎಲ್ಲ ದೇಶದವರಿಗೂ ತೆರೆದಿತ್ತು. ಅಲ್ಲಿಗೆ ಹೋಗಿ 1936ರಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಒಬ್ಬ ಭಾರತೀಯರೂ ಇದ್ದರು. ಅವರು ವಿ. ಎಂ. ಘಾಟಗೆ. ಮುಂದೆ ಬೆಂಗಳೂರಿನಲ್ಲಿ ಭಾರತದ್ದೇ ವಿನ್ಯಾಸದ ತರಬೇತಿ ವಿಮಾನ ಎಚ್‌ಟಿ-2 ಹಾರಿಸಿದ ತಂಡದ ಮುಖ್ಯಸ್ಥರು ಅವರೇ. ಅದು ಹಾರಿದ್ದು 1951ರಲ್ಲಿ. ಎಫ್‌ಡಬ್ಲ್ಯೂ 57 ಹಾರಿದ ವರ್ಷವೇ ನಮ್ಮವರೊಬ್ಬರು ಜರ್ಮನಿಯಲ್ಲಿ ಪದವಿ ಪಡೆಯುತ್ತಿದ್ದರು ಎಂಬುದು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಗೆದ್ದ ವಿಮಾನಗಳು, ಮತ್ತು ಅವುಗಳ ಕಪ್ಪು ಬದಿ

ಎಫ್‌ಡಬ್ಲ್ಯೂ 57 ಸೋತಿತು, ಟ್ಯಾಂಕ್ ಸೋಲಲಿಲ್ಲ. 1937ರ ಜುಲೈನಲ್ಲಿ ಅವರು ನಾಲ್ಕು ಎಂಜಿನ್‌ನ ಪ್ರಯಾಣಿಕ ವಿಮಾನ ಕಾಂಡೋರ್ ಅನ್ನು ಸ್ವತಃ ಮೊದಲ ಬಾರಿ ಹಾರಿಸಿದರು. 1938ರ ಆಗಸ್ಟ್‌ನಲ್ಲಿ ಅದೇ ಮಾದರಿ ಬರ್ಲಿನ್‌ನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ 25 ಗಂಟೆಯೊಳಗೆ ತಲುಪಿ ಜಗತ್ತನ್ನೇ ಬೆರಗುಗೊಳಿಸಿತು.

1939ರ ಜೂನ್ 1ರಂದು ಹಾರಿದ ಎಫ್‌ಡಬ್ಲ್ಯೂ 190 ಅವರ ಹೆಸರನ್ನು ಇತಿಹಾಸದಲ್ಲಿ ಉಳಿಸಿತು. ಓಡುವ ಪಂದ್ಯದ ಕುದುರೆ ಬೇಡ, ಕೆಸರು-ಹೊಂಡದಲ್ಲೂ ನಿಲ್ಲುವ ಸೈನ್ಯದ ಕುದುರೆ ಬೇಕು ಎಂಬುದು ಈ ವಿಮಾನದ ಹಿಂದಿನ ಅವರ ಯೋಚನೆ. ಹಳೆಯ ಕುದುರೆ ಸವಾರನಿಗೆ ಹೊಳೆಯುವುದೇ ಹಾಗೆ. ಗಟ್ಟಿ ಚಕ್ರಗಳು, ಸುಲಭದ ರಿಪೇರಿ, ಏಟು ತಿಂದರೂ ಮರಳಿ ಬರುವ ಎಂಜಿನ್. ಇಂಥವು 20,000ಕ್ಕೂ ಹೆಚ್ಚು ತಯಾರಾದವು. ಬಹುಶಃ ಎಫ್‌ಡಬ್ಲ್ಯೂ 57 ಕಲಿಸಿದ ಪಾಠವೂ ಇದರಲ್ಲಿ ಇದ್ದೀತು.

ಆದರೆ ಇಲ್ಲಿ ಒಂದು ಮಾತನ್ನು ನುಂಗಿಕೊಳ್ಳುವ ಹಾಗಿಲ್ಲ. ಈ ವಿಮಾನಗಳು ಹಾರಿದ್ದು ಹಿಟ್ಲರನ ಯುದ್ಧಕ್ಕೆ. ಕಾಂಡೋರ್ ಮುಂದೆ ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳ ಮೇಲೆ ಬಾಂಬ್ ಹಾಕಿತು. ಯುದ್ಧಕಾಲದಲ್ಲಿ ಫೋಕೆ-ವುಲ್ಫ್ ಕಾರ್ಖಾನೆಗಳಲ್ಲಿ ಬಲವಂತದ ಕೂಲಿಗಳನ್ನು ದುಡಿಸಿದ್ದು ದಾಖಲಾಗಿದೆ. ಟ್ಯಾಂಕ್ ಆ ವ್ಯವಸ್ಥೆಯ ಎತ್ತರದ ಕುರ್ಚಿಯಲ್ಲಿದ್ದವರು. ಅವರ ಲೆಕ್ಕದ ಜಾಣ್ಮೆಯನ್ನು ಮೆಚ್ಚುವಾಗ ಇದನ್ನೂ ಪಕ್ಕದಲ್ಲೇ ಇಟ್ಟು ನೋಡಬೇಕು.

ಸುಳ್ಳು ಹೆಸರಿನಲ್ಲಿ ಅರ್ಜೆಂಟೀನಾಕ್ಕೆ

1945ರಲ್ಲಿ ಜರ್ಮನಿ ಸೋತಿತು. ಗೆದ್ದ ದೇಶಗಳು ಜರ್ಮನ್ ಎಂಜಿನಿಯರ್‌ಗಳನ್ನು ಹಂಚಿಕೊಳ್ಳುತ್ತಿದ್ದವು. ಟ್ಯಾಂಕ್ ಜೊತೆ ಹಲವರು ಮಾತುಕತೆ ನಡೆಸಿದರೂ ಒಪ್ಪಂದ ಆಗಲಿಲ್ಲ. ಕೊನೆಗೆ 1947ರಲ್ಲಿ ಪೆಡ್ರೊ ಮ್ಯಾಥಿಸ್ ಎಂಬ ಸುಳ್ಳು ಹೆಸರಿನ ಪಾಸ್‌ಪೋರ್ಟ್ ಹಿಡಿದು ಅರ್ಜೆಂಟೀನಾ ಸೇರಿದರು.

ಅಲ್ಲಿ ಕೊರ್ದೊಬಾ ಊರಿನಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ಮಾಡಿದರು. ಹಿಂದಕ್ಕೆ ಬಾಗಿದ ರೆಕ್ಕೆಯ ಈ ವಿಮಾನ 1950ರಲ್ಲಿ ಹಾರಿತು. ಅಪಘಾತಗಳಾದವು, ಪೈಲಟ್‌ಗಳು ಸತ್ತರು, ದುಡ್ಡು ಸಾಲದಾಯಿತು. 1955ರಲ್ಲಿ ಅಧ್ಯಕ್ಷ ಪೆರೋನ್ ಅಧಿಕಾರ ಕಳೆದುಕೊಂಡ ಮೇಲೆ ತಂಡ ಚದುರಿತು. ಐದು ಮಾದರಿಗಳ ಆಚೆ ಅದೂ ಹೋಗಲಿಲ್ಲ. ಸೇನೆಗೆ ಸೇರದ ಇನ್ನೊಂದು ವಿಮಾನ.

ಆಗ ಟ್ಯಾಂಕ್ ವಯಸ್ಸು 57 ದಾಟಿತ್ತು. ನಿವೃತ್ತಿಯ ವಯಸ್ಸಿನ ಹತ್ತಿರ ಬಂದ ಆ ಮನುಷ್ಯನಿಗೆ ಭಾರತದಿಂದ ಕರೆ ಬಂತು.

ಬೆಂಗಳೂರಿನ ದಿನಗಳು

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಕೈಜೋಡಿಸಿದಾಗ. ನಮ್ಮ ಹಿರಿಯರ ಬಾಯಲ್ಲಿ ಎಚ್‌ಎಎಲ್ ಎಂದೇ ಹೆಸರಾದ ಕಾರ್ಖಾನೆ ಅದು. ಯುದ್ಧಕಾಲದಲ್ಲಿ ವಿಮಾನ ಜೋಡಣೆ, ರಿಪೇರಿ. ಸ್ವಾತಂತ್ರ್ಯ ಬಂದ ಮೇಲೆ ತರಬೇತಿ ವಿಮಾನ. ಆದರೆ ಶಬ್ದದ ವೇಗ ಮೀರುವ ಯುದ್ಧವಿಮಾನವನ್ನು ಮೊದಲಿಂದ ಕೊನೆಯವರೆಗೆ ವಿನ್ಯಾಸ ಮಾಡಿದ ಅನುಭವ ಇಲ್ಲಿ ಯಾರಿಗೂ ಇರಲಿಲ್ಲ.

1956ರ ಆಗಸ್ಟ್‌ನಲ್ಲಿ ಟ್ಯಾಂಕ್ ತಮ್ಮ ಸಹಾಯಕ ಲುಡ್‌ವಿಗ್ ಮಿಟೆಲ್‌ಹೂಬರ್ ಜೊತೆ ಬಂದರು. ಮುಂದೆ ಜರ್ಮನ್ ಎಂಜಿನಿಯರ್‌ಗಳ ಒಂದು ಸಣ್ಣ ತಂಡ ಸೇರಿಕೊಂಡಿತು. ಉಳಿದವರೆಲ್ಲ ಭಾರತದವರು. ಆರಂಭದಲ್ಲಿ ಹಿರಿಯ ಭಾರತೀಯ ವಿನ್ಯಾಸಕಾರರು ಬೆರಳೆಣಿಕೆಯಷ್ಟು ಮಾತ್ರ. ಕೆಲಸ ಮಾಡುತ್ತಲೇ ಕಲಿಯಬೇಕು, ಕಲಿಯುತ್ತಲೇ ವಿಮಾನ ಕಟ್ಟಬೇಕು.

ಅವರು ಕಲಿಸಿದ ಮೊದಲ ಪಾಠವೇ ನೋಡಿ. ಜೆಟ್ ಕಟ್ಟುವ ಮೊದಲು ಅದೇ ಆಕಾರದ, ಅದೇ ಅಳತೆಯ, ಎಂಜಿನ್ ಇಲ್ಲದ ಕಟ್ಟಿಗೆಯ ಗ್ಲೈಡರ್ ಮಾಡಿಸಿದರು. 1959ರಲ್ಲಿ ಒಂದು ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಒಯ್ದು ಬಿಟ್ಟಿತು. ಬರ್ಲಿನ್‌ನ ವಿದ್ಯಾರ್ಥಿ ದಿನಗಳ ಗ್ಲೈಡರ್ ಬುದ್ಧಿ ಬೆಂಗಳೂರಿನಲ್ಲಿ ಉಪಯೋಗಕ್ಕೆ ಬಂತು. ಎಂಜಿನ್ ಇಲ್ಲದೆಯೇ ರೆಕ್ಕೆಯ ಗುಣ ಗೊತ್ತಾದರೆ, ಮುಂದಿನ ಅಪಾಯ ಅರ್ಧ ಕಡಿಮೆ.

ಬಜಪೆಯವರಿಗೆ ಡಕೋಟಾ ಎಂದರೆ ನೆನಪಿರಬೇಕು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರನ್ನು ಹೊತ್ತು ನಮ್ಮೂರಿನ ಹೊಸ ವಿಮಾನ ನಿಲ್ದಾಣದಲ್ಲಿ ಇಳಿದದ್ದೂ ಅದೇ ಜಾತಿಯ ವಿಮಾನ.

1961ರ ಜೂನ್ 17ರಂದು ಹೊಸ ಜೆಟ್ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಹೆಸರು ಎಚ್‌ಎಫ್-24, ಎಂದರೆ ಹಿಂದೂಸ್ತಾನ್ ಫೈಟರ್. ಜನ ಕರೆದದ್ದು ಮರುತ್ ಎಂದು. ಮರುತ್ತುಗಳು ಎಂದರೆ ವೇದದಲ್ಲಿ ಬರುವ ಗಾಳಿಯ ದೇವತೆಗಳು.

ಜರ್ಮನ್ ಎಂಜಿನಿಯರ್ ಮತ್ತು ವೇದಕ್ಕೆ ನಿಜವಾದ ಸಂಬಂಧ ಇಷ್ಟೇ. ಹೆಸರು ವೇದದ್ದು. ಉಳಿದದ್ದು ಗಾಳಿ ಸುರಂಗ, ಲೆಕ್ಕದ ಹಾಳೆ ಮತ್ತು ಸಾವಿರಾರು ಕಾರ್ಮಿಕರ ಬೆವರು.

ರೆಕ್ಕೆ ಸಿಕ್ಕಿತು, ಎಂಜಿನ್ ಸಿಗಲಿಲ್ಲ

ಅಕ್ಕನ ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮರುತ್‌ನ ದೇಹವನ್ನು ಶಬ್ದದ ಎರಡು ಪಟ್ಟು ವೇಗದ ಗುರಿ ಇಟ್ಟುಕೊಂಡು ರೂಪಿಸಿದ್ದರು. ಅದಕ್ಕೆ ಬೇಕಿದ್ದ ಎಂಜಿನ್, ಬ್ರಿಟನ್ನಿನ ಆರ್ಫಿಯಸ್ ಎಂಜಿನ್‌ನ ಹೆಚ್ಚು ಶಕ್ತಿಯ ರೂಪ. ಅದರಲ್ಲಿ ಆಫ್ಟರ್‌ಬರ್ನರ್ ಇರುತ್ತಿತ್ತು. ಎಂಜಿನ್‌ನಿಂದ ಹೊರಬರುವ ಬಿಸಿ ಗಾಳಿಗೆ ಬಾಲದಲ್ಲಿ ಮತ್ತೆ ಇಂಧನ ಚಿಮ್ಮಿಸಿ ಉರಿಸಿ, ಇನ್ನಷ್ಟು ತಳ್ಳುವ ಶಕ್ತಿ ಪಡೆಯುವ ವ್ಯವಸ್ಥೆ ಅದು. ಬ್ರಿಟನ್ನಿಗೆ ಸ್ವಂತಕ್ಕೆ ಆ ಎಂಜಿನ್ ಬೇಡವಾಯಿತು. ಅದನ್ನು ಮುಂದುವರಿಸಬೇಕಾದರೆ ಖರ್ಚನ್ನು ಭಾರತ ಕೊಡಬೇಕಿತ್ತು. ಭಾರತ ಕೊಡಲಿಲ್ಲ.

ಕೊನೆಗೆ ಮರುತ್‌ಗೆ ಹಾಕಿದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703, ಒಂದಲ್ಲ ಎರಡು. ಒಂದೊಂದರ ಒತ್ತುಬಲ ಸುಮಾರು 2,200 ಕಿಲೋ. ಬೇಕಿದ್ದ ಎಂಜಿನ್ ಒಂದೊಂದೂ ಸುಮಾರು 3,700 ಕಿಲೋ ಕೊಡುತ್ತಿತ್ತು. ಶಬ್ದದ ಎರಡು ಪಟ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಲಾರಿಗೆ ರಿಕ್ಷಾದ ಎಂಜಿನ್ ಹಾಕಿದ ಹಾಗೆ ಎಂದರೆ ಅತಿಯಾದೀತು, ಆದರೆ ಗಾಯ ಅದೇ ಜಾಗದ್ದು.

ಬೇರೆ ದಾರಿ ಹುಡುಕಲಿಲ್ಲವೇ? ಹುಡುಕಿದರು. ಈಜಿಪ್ಟ್ ಮಾಡುತ್ತಿದ್ದ ಎಂಜಿನ್ ಜೋಡಿಸಿ ನೋಡಲು ಒಂದು ಮರುತ್ ಅಲ್ಲಿಗೂ ಹೋಗಿ 1967ರಲ್ಲಿ ಹಾರಿತು. 1969ರ ಹೊತ್ತಿಗೆ ಆ ಯೋಜನೆ ನಿಂತಿತು. ಬೆಂಗಳೂರಿನಲ್ಲೇ ಆರ್ಫಿಯಸ್‌ಗೆ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನ ನಡೆಯಿತು. 1970ರ ಜನವರಿ 10ರಂದು ಅಂಥ ಮಾದರಿಯನ್ನು ಹಾರಿಸುವಾಗ ಅಪಘಾತವಾಗಿ ಸುರಂಜನ್ ದಾಸ್ ತೀರಿಕೊಂಡರು. ಮರುತ್ ಅನ್ನು ಮೊದಲು ಹಾರಿಸಿದವರೇ ಅದರ ಎಂಜಿನ್ ಕೊರತೆ ನೀಗಿಸುವ ಕೆಲಸದಲ್ಲಿ ಜೀವ ಕೊಟ್ಟರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ದಿನಾ ಅದರಲ್ಲಿ ಟ್ರಾಫಿಕ್‌ಗೆ ಬೈಯುತ್ತಾ ಹೋಗುವವರಲ್ಲಿ ಎಷ್ಟು ಜನರಿಗೆ ಆ ಹೆಸರು ಯಾರದೆಂದು ಗೊತ್ತು?

ಜೆಟ್ ಎಂಜಿನ್ ಅಷ್ಟು ಕಷ್ಟವೇ ಎಂದರೆ, ಹೌದು. ಇಂದಿನ ಒಳ್ಳೆಯ ಎಂಜಿನ್‌ಗಳಲ್ಲಿ ಟರ್ಬೈನ್ ಎಲೆಗಳ ಮೇಲೆ ಹರಿಯುವ ಗಾಳಿಯ ಬಿಸಿ, ಆ ಎಲೆ ಮಾಡಿದ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಎಲೆಯೊಳಗೆ ಸಣ್ಣ ದಾರಿಗಳಲ್ಲಿ ತಂಪು ಗಾಳಿ ಹರಿಸಿ, ಮೇಲೆ ಲೇಪ ಹಚ್ಚಿ, ವಿಶೇಷ ಮಿಶ್ರಲೋಹ ಬಳಸಿ ಅದನ್ನು ಉಳಿಸಿಕೊಳ್ಳುತ್ತಾರೆ. ಆ ಎಲೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಇರಬೇಕು, ಒಡೆಯಬಾರದು. ಇದನ್ನು ಕಲಿಯಲು ದಶಕಗಳ ಕೆಲಸ, ಪರೀಕ್ಷಾ ಕೇಂದ್ರಗಳು, ಕೈ ಬಿಗಿಹಿಡಿಯದ ಹಣ ಬೇಕು. ನಮ್ಮ ತೇಜಸ್ 2001ರಲ್ಲಿ ಮೊದಲ ಬಾರಿ ಹಾರಿದ್ದೂ ಅಮೆರಿಕದ ಎಂಜಿನ್‌ನಲ್ಲೇ. ಬೆಂಗಳೂರಿನಲ್ಲಿ ಅದಕ್ಕಾಗಿ ಶುರುವಾದ ಕಾವೇರಿ ಎಂಜಿನ್ ತೇಜಸ್‌ಗೆ ಸೇರಲಿಲ್ಲ.

ಆದರೂ ಮರುತ್ ಸೋತಿತೇ?

ಇಲ್ಲ. ಎಫ್‌ಡಬ್ಲ್ಯೂ 57, ಪುಲ್ಕಿ-2 ಎರಡಕ್ಕೂ ಸಿಗದ ಭಾಗ್ಯ ಮರುತ್‌ಗೆ ಸಿಕ್ಕಿತು. ಅದು ವಾಯುಪಡೆ ಸೇರಿತು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿತು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರಲ್ಲಿ ಪೈಲಟ್‌ನನ್ನು ಮನೆಗೆ ತಲುಪಿಸಿದ ಉದಾಹರಣೆಗಳಿವೆ. ಸೈನ್ಯದ ಕುದುರೆಯ ಆ ಹಳೆಯ ಯೋಚನೆ ಇಲ್ಲಿಯೂ ಕೆಲಸ ಮಾಡಿತು. ವೇಗ ಇರಲಿಲ್ಲ, ನಂಬಿಕೆ ಇತ್ತು.

ಟ್ಯಾಂಕ್ 1960ರ ದಶಕದ ಕೊನೆಗೆ ಭಾರತ ಬಿಟ್ಟು ಜರ್ಮನಿಗೆ ಮರಳಿದರು. 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ, ತಮ್ಮ 85ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಮ್ಯೂನಿಕ್ ಹತ್ತಿರದ ವಿಮಾನ ಸಂಗ್ರಹಾಲಯದಲ್ಲಿ ಇಂದು ಬೆಂಗಳೂರಿನಲ್ಲಿ ಹುಟ್ಟಿದ ಒಂದು ಮರುತ್ ನಿಂತಿದೆ. ಫಾರ್ವರ್ಡ್ ಹೇಳಿದ ದಿಕ್ಕಿನಲ್ಲಿ, ಎಂದರೆ ಭಾರತದಿಂದ ಜರ್ಮನಿಗೆ ಒಂದು ವಿಮಾನ ಹೋದದ್ದು ನಿಜ. ಆದರೆ ಅದು ಕದ್ದ ಮಾಲಲ್ಲ, ಇಬ್ಬರೂ ಸೇರಿ ಕಟ್ಟಿದ ವಸ್ತು.

ಹಾಗಾದರೆ ತೀರ್ಮಾನ?

ಚಿತ್ರದಲ್ಲಿರುವುದು ಎಫ್‌ಡಬ್ಲ್ಯೂ 57. ಅದು ನಿಜವಾದ ವಿಮಾನ. ಸೇನೆಗೆ ಸೇರದೆ ಹೋದದ್ದು ತೂಕ ಮತ್ತು ತಪ್ಪು ಬೇಡಿಕೆಯಿಂದ. ವೈಮಾನಿಕ ಶಾಸ್ತ್ರದಿಂದ ಅದನ್ನು ಮಾಡಿದರು ಎಂಬುದು ಸುಳ್ಳು. ಆ ಪುಸ್ತಕದ ವಿಮಾನಗಳು ಹಾರಲಾರವು ಎಂದು ನಮ್ಮ ಬೆಂಗಳೂರಿನ ವಿಜ್ಞಾನಿಗಳೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಸುಳ್ಳು ಹೆಮ್ಮೆಯಿಂದ ನಷ್ಟ ಏನು ಎಂದು ನೀವು ಕೇಳಬಹುದು. ಯಾರಿಗೂ ನೋವಾಗುವುದಿಲ್ಲವಲ್ಲ ಎನ್ನಬಹುದು. ನಷ್ಟ ಇದೆ. ಎಲ್ಲವೂ ನಮ್ಮಲ್ಲಿತ್ತು, ಯಾರೋ ಕದ್ದರು ಎಂದು ನಂಬಿದರೆ, ಇಲ್ಲದ್ದನ್ನು ಕಲಿಯುವ ಹಸಿವೇ ಹೋಗುತ್ತದೆ. ಗ್ಯೋಟಿಂಗೆನ್‌ಗೆ ಹೋಗಿ ಓದಿಬಂದ ಘಾಟಗೆ, ಕಟ್ಟಿಗೆಯ ಗ್ಲೈಡರ್ ಕೆತ್ತಿದ ಬಡಗಿಗಳು, ಎಂಜಿನ್‌ಗಾಗಿ ಜೀವ ಕೊಟ್ಟ ದಾಸ್, ಇವರೆಲ್ಲರ ಜಾಗವನ್ನು ಒಂದು ಕಲ್ಪಿತ ಕಳ್ಳ ಕಿತ್ತುಕೊಳ್ಳುತ್ತಾನೆ. ನಿಜವಾದ ಕಳ್ಳತನ ಅದು.

ಮುಂದಿನ ಸಲ ಇಂಥ ಸಂದೇಶ ಬಂದರೆ ಮೂರು ಕೆಲಸ ಮಾಡಿ. ಚಿತ್ರವನ್ನು ಒತ್ತಿಹಿಡಿದು ಮೂಲ ಹುಡುಕಿ. ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಯಾವುದು ಮೊದಲು, ಯಾವುದು ಆಮೇಲೆ. ಹತ್ತು ಜನರಿಗೆ ಕಳಿಸಿ ಎಂದಿದ್ದರೆ, ಯಾಕಿಷ್ಟು ಅವಸರ ಎಂದು ಕೇಳಿಕೊಳ್ಳಿ.

ನಾವು ಇದನ್ನೆಲ್ಲ ಚಿಕ್ಕದಾಗಿ ಬರೆದು ಕುಟುಂಬದ ಗ್ರೂಪಿಗೆ ಹಾಕಿದೆವು. ಮಾವನ ಮನಸ್ಸು ನೋಯಬಾರದೆಂದು ಮೊದಲು ಅವರಿಗೆ ಫೋನ್ ಮಾಡಿ ಹೇಳಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮರುತ್ ಈಗಲೂ ನೋಡಲು ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತದೆ. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಇದೆ, ಎಚ್‌ಎಎಲ್‌ನ ಸಂಗ್ರಹಾಲಯದಲ್ಲೂ ಇದೆ. ರಜೆಯಲ್ಲಿ ಅಳಿಯನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದರು. ಅಕ್ಕನ ಮಗ ಈಗ ಕೇಳುವ ಪ್ರಶ್ನೆಗಳೆಲ್ಲ ಟರ್ಬೈನ್ ಎಲೆಯ ಬಗ್ಗೆ. ಅವುಗಳಿಗೆ ಉತ್ತರ ಕೊಡಲು ನಮ್ಮಿಂದಾಗದು, ಅವನೇ ಓದಿ ನಮಗೆ ಹೇಳಬೇಕು.

ಇದನ್ನು ಹತ್ತು ಜನರಿಗೆ ಕಳಿಸಿ ಎಂದು ನಾವು ಹೇಳುವುದಿಲ್ಲ. ಆ ಹಳೆಯ ಸಂದೇಶ ನಿಮಗೆ ಯಾರು ಕಳಿಸಿದ್ದರೋ ಅವರೊಬ್ಬರಿಗೆ ಪ್ರೀತಿಯಿಂದ ಕಳಿಸಿದರೆ ಸಾಕು.